ಗೋಣಿಚೀಲದ ಮೇಲಿನ ಕಲ್ಲು

ಎನಾಮಲ್ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದು, ಮೇಲೆ ಕಟ್ಟಿದ ಕೆನೆಯನ್ನು ಕಡ್ಡಿಯಿಂದ ಎತ್ತಿ ಬಿಸಾಡಿ, ಟರ್ಪೆಂಟೈನ್ ಹೊಯ್ದು ಕಲಕಿದಾಗ ಒಂದು ವಾಸನೆ ಬರುತ್ತದೆ. ಬೇರೆಯವರಿಗೆ ಅದು ತಲೆನೋವು. ನನಗೆ ಹೊಟ್ಟೆಪಾಡು, ಆ ವಾಸನೆ ಬಂದರೆ ಈಗಲೂ ಹಸಿವಾಗುತ್ತದೆ. ಹೋದ ತಿಂಗಳು ಮಧುಗಿರಿಯ ಬೀದಿ ವ್ಯಾಪಾರಿಗಳ ಜಾಗದಲ್ಲಿ ಮಾಸಿಹೋಗಿದ್ದ ನಂಬರುಗಳನ್ನು ತಿದ್ದಿ ಬರೆಯಲು ನನ್ನನ್ನು ಕರೆದರು. ಬೆಳಗಿನ ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಳದಿ ಡಬ್ಬಿ ತೆಗೆದೆ. ಅವತ್ತು ಮಾತ್ರ ಹಸಿವಾಗಲಿಲ್ಲ. ಐದು ವರ್ಷದ ಹಿಂದೆ ಇದೇ ರಸ್ತೆಯಲ್ಲಿ, ಇದೇ ಹಳದಿಯಲ್ಲಿ ನಾನು ಬರೆದ ಚೌಕಗಳು ನೆನಪಾದವು. ಬರೆಯದೆ ಬಿಟ್ಟ ಒಂದು ಹೆಸರೂ ನೆನಪಾಯಿತು. ಬ್ರಷ್ಷು ಡಬ್ಬಿಯಲ್ಲೇ ಉಳಿಯಿತು.

ನಾನು ಬೋರ್ಡು ಬರೆಯುವವನು. ಈ ಕಡೆ ಕೊರಟಗೆರೆಯಿಂದ ಆ ಕಡೆ ದೊಡ್ಡೇರಿಯವರೆಗೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹಾಲಿನ ಡೈರಿ ಎಲ್ಲದರ ಹಣೆಯ ಮೇಲೂ ನನ್ನ ಅಕ್ಷರವೇ ಇತ್ತು. ಆಮೇಲೆ ಫ್ಲೆಕ್ಸ್ ಬಂತು. ಒತ್ತಕ್ಷರ ಎಲ್ಲಿ ಕೂರಬೇಕೆಂದು ಗೊತ್ತಿಲ್ಲದ ಒಂದು ಯಂತ್ರ ನನ್ನ ವಾರದ ಕೆಲಸವನ್ನು ಒಂದು ಗಂಟೆಯಲ್ಲಿ ಮಾಡಿ ಮುಗಿಸತೊಡಗಿತು. ನಾನು ಆಸ್ಪತ್ರೆ ರಸ್ತೆಯ ಕಾಂಪೌಂಡಿಗೆ ಒರಗಿಸಿ ಒಂದು ತಗಡಿನ ಗೂಡು ಇಟ್ಟುಕೊಂಡೆ. ಗಾಡಿಯ ನಂಬರ್ ಪ್ಲೇಟು ಬರೆಯುವುದು, ಮದುವೆಗೆ ಕೊಡುವ ಸ್ಟೀಲ್ ಪಾತ್ರೆಗೆ ಹೆಸರು ಕೆತ್ತುವುದು, ಇಷ್ಟೇ ಕೆಲಸ. ಊರವರ ಬಾಯಲ್ಲಿ ಮಾತ್ರ ಬೋರ್ಡ್ ಮೇಸ್ತ್ರಿಯಾಗಿಯೇ ಉಳಿದೆ.

ನನ್ನ ಗೂಡಿನ ಪಕ್ಕದಲ್ಲಿ ಕದಿರಮ್ಮನ ಬುಟ್ಟಿ, ಅದರಾಚೆ ಬಾಷಾ ಸಾಬರ ಬಾಳೆಹಣ್ಣಿನ ತಳ್ಳುಗಾಡಿ. ಬಾಷಾ ಸಾಬರು ಸಿರಾದವರು. ಊರು ಬಿಟ್ಟು ಮೂವತ್ತು ವರ್ಷ ಕಳೆದಿದ್ದರೂ ಹಣ್ಣಿನ ಮಾತು ಬಂದರೆ ಸಿರಾದ ಸಂತೆಯನ್ನೇ ಹೊಗಳುತ್ತಿದ್ದರು. ಹಾಗಾದರೆ ಅಲ್ಲೇ ಇರಬಹುದಿತ್ತಲ್ಲ ಎಂದು ನಾನು ಕೆಣಕಿದರೆ, "ಅಲ್ಲಿ ಹಣ್ಣು ಚೆನ್ನಾಗೈತೆ ಭಾಯಿ, ಇಲ್ಲಿ ತಿನ್ನೋರು ಚೆನ್ನಾಗವ್ರೆ" ಎಂದು ನಗುತ್ತಿದ್ದರು.

ಕದಿರಮ್ಮ ಪಾವಗಡದಾಚೆ ನಾಗಲಮಡಿಕೆ ಕಡೆಯವಳು. ರಸ್ತೆ ಕೆಲಸಕ್ಕೆಂದು ಬಂದ ಗಂಡನ ಹಿಂದೆ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಒಂದು ಕೋಣೆ ಹಿಡಿದು ನಿಂತಳು. ಮಕ್ಕಳಿರಲಿಲ್ಲ. ಹುಣಸೆ ಕಾಲಕ್ಕೆ ಹುಣಸೆಹಣ್ಣು, ಸೀತಾಫಲದ ಕಾಲಕ್ಕೆ ಸೀತಾಫಲ, ಹೊಲದಲ್ಲಿ ಕಡಲೆಕಾಯಿ ಕೀಳತೊಡಗಿದರೆ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ. ಅವಳ ಮಂಡಿ ಎರಡೂ ಹೋಗಿದ್ದವು. ಏಳುವಾಗ ಕಾಂಪೌಂಡು ಹಿಡಿದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಯಾವುದೋ ದೇವರನ್ನು ಬೈದು ಏಳುತ್ತಿದ್ದಳು. ತಲೆ ಮೇಲೆ ಬುಟ್ಟಿ ಹೊತ್ತು ಬೀದಿ ಸುತ್ತುವುದು ಅವಳಿಂದ ಆಗದ ಮಾತಾಗಿತ್ತು. ಆಸ್ಪತ್ರೆಯ ಗೇಟಿನ ಆ ನಾಲ್ಕು ಅಡಿ ಜಾಗ, ಒಳಗಿನಿಂದ ಚಾಚಿಕೊಂಡ ಹೊಂಗೆ ಮರದ ನೆರಳು, ಚೀಟಿ ಮಾಡಿಸಿ ಹೊರಗೆ ಕಾಯುತ್ತಾ ನಿಂತ ಹಳ್ಳಿ ಜನ, ಇದೇ ಅವಳ ಬದುಕು. ಅಲ್ಲಿ ಕೂತರೆ ಊಟ, ಏಳಿಸಿದರೆ ಇಲ್ಲ.

ನಮ್ಮ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಊರಿಗೆ ಹೋಗುವುದಿದ್ದರೆ, ಕಾಯಿಲೆ ಬಿದ್ದರೆ, ತಾವು ಕೂರುವ ಜಾಗದಲ್ಲಿ ಒಂದು ಗೋಣಿಚೀಲ ಹಾಸಿ ಅದರ ಮೇಲೆ ತಮ್ಮ ಕಲ್ಲು ಇಟ್ಟು ಹೋಗುತ್ತಿದ್ದರು. ಪ್ರತಿಯೊಬ್ಬರದೂ ಒಂದೊಂದು ಕಲ್ಲು, ನೋಡಿದರೆ ಯಾರದೆಂದು ಗೊತ್ತಾಗುತ್ತಿತ್ತು. ಕದಿರಮ್ಮನದು ಹೊಳೆಯಲ್ಲಿ ಉರುಳಿ ನುಣ್ಣಗಾದ, ನಡುವೆ ಬಿಳಿ ಗೆರೆ ಇದ್ದ ಕರಿ ಗುಂಡು. ಕಲ್ಲಿದ್ದರೆ ಬೇರೆಯವರು ಅಲ್ಲಿ ಕೂರುವಂತಿಲ್ಲ. ಪಕ್ಕದವರು ತಮ್ಮ ಸಾಮಾನನ್ನು ಒಂದಿಷ್ಟು ಅತ್ತ ಹರಡಿ ಜಾಗ ಕಾಯಬೇಕು. ಹಿಂದೆಲ್ಲ ರಸ್ತೆ ತೆರವು ಮಾಡುವ ಲಾರಿ ಬಂದಾಗ, ಇದು ಯಾರದ್ದು ಎಂದು ಕೇಳಿದರೆ "ಗೊತ್ತಿಲ್ಲ" ಅಂದವನ ಕಣ್ಣೆದುರೇ ಬುಟ್ಟಿ ಲಾರಿಗೆ ಹೋಗುತ್ತಿತ್ತು. ಹಾಗಾಗಿ ಯಾರು ಬಂದು ಕೇಳಿದರೂ ಪಕ್ಕದವನ ಬಾಯಿಂದ ಬರುವ ಉತ್ತರ ಒಂದೇ: "ನಮ್ದೇ." ಕಲಿತು ಬಂದ ಮಾತಲ್ಲ ಅದು. ಸೀನು ಬಂದ ಹಾಗೆ ಬರುತ್ತಿತ್ತು.

ಆ ವರ್ಷ ಮಳೆ ಹದವಾಗಿ ಬಿದ್ದು ಕಡಲೆಕಾಯಿ ಚೆನ್ನಾಗಿ ಕಚ್ಚಿತ್ತು. ಬೆಟ್ಟದ ಬಂಡೆ ಬೆಳಿಗ್ಗೆ ಒದ್ದೆಯಾಗಿ ಕರ್ರಗೆ ಕಂಡು, ಹನ್ನೊಂದರ ಹೊತ್ತಿಗೆ ಒಣಗಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅಂಥ ಒಂದು ದಿನ ಪುರಸಭೆ ಆಫೀಸಿನ ಕಡೆಯಿಂದ ಶಶಿಕಲಾ ಎಂಬ ಹುಡುಗಿ ಬಂದು ಎಲ್ಲರನ್ನೂ ಕೂಡಿಸಿ ಹೊಸ ಕಾಯ್ದೆಯನ್ನು ತಿಳಿಸಿದಳು. ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಫೋಟೋ ಇರುವ ಕಾರ್ಡು, ವ್ಯಾಪಾರದ ಪ್ರಮಾಣಪತ್ರ. ಆಮೇಲೆ ಅವರನ್ನು ಯಾರೂ ಮನಬಂದಂತೆ ಎಬ್ಬಿಸುವಂತಿಲ್ಲ. ಅಷ್ಟೇ ಅಲ್ಲ, ವ್ಯಾಪಾರಿಗಳೇ ಓಟು ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಬೇಕು, ಅವರು ಸಮಿತಿಯಲ್ಲಿ ಅಧಿಕಾರಿಗಳ ಜೊತೆ ಕುರ್ಚಿಯಲ್ಲಿ ಕೂತು ಮಾತಾಡಬೇಕು.

"ಕುರ್ಚೀಲಿ ಕುಂತ್ಕಂಡು ಏನ್ ಮಾತಾಡಾದು?" ಎಂದು ಕದಿರಮ್ಮ ಕೇಳಿದಳು.

"ನಿಮ್ಮ ಕಷ್ಟ ಹೇಳ್ಬೇಕಮ್ಮ."

"ನೆಲದಲ್ಲಿ ಕುಂತ್ಕಂಡು ಯೋಳಿದ್ರೆ ಕೇಳ್ಸಲ್ವಾ?"

ಎಲ್ಲರೂ ನಕ್ಕರು, ಶಶಿಕಲಾ ಕೂಡ. ಕಾಯ್ದೆ ನನಗೆ ಹಿಡಿಸಿತು. ಇಷ್ಟು ವರ್ಷ ಯಾರ ಲೆಕ್ಕದಲ್ಲೂ ಇಲ್ಲದ ನಾವು ಒಂದು ಕಾಗದದ ಮೇಲೆ ಬರುತ್ತೇವಲ್ಲ ಎನ್ನಿಸಿತು. ಪಟ್ಟಿ ಬರೆಯಲು ಅಕ್ಷರ ಚೆನ್ನಾಗಿರುವ, ಎಲ್ಲರನ್ನೂ ಬಲ್ಲ ಒಬ್ಬರು ಜೊತೆಗೆ ಬೇಕು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಸುಳ್ಳೇಕೆ, ಖುಷಿಯಾಯಿತು. ಫ್ಲೆಕ್ಸ್ ಬಂದ ಮೇಲೆ ನನ್ನ ಅಕ್ಷರವನ್ನು ಯಾರೂ ಕೇಳಿರಲಿಲ್ಲ.

ಸಮೀಕ್ಷೆಗೆ ಎರಡು ದಿನ ಇರುವಾಗ ಕದಿರಮ್ಮನಿಗೆ ಊರಿನಿಂದ ಫೋನು ಬಂತು. ಬುಟ್ಟಿಯ ಮೇಲೆ ಬಟ್ಟೆ ಎಳೆದು ಎದ್ದಳು.

"ಚೆಲ್ಲೆಲು ಪೋಯಿಂದಂಟ ಸಾಮಿ" ಎಂದಳು. ಅವಳ ತಂಗಿ ತೀರಿಕೊಂಡಿದ್ದಳು. "ಕರ್ಮ ಮುಗ್ಯಾಗಂಟ ಬರಾಕಾಗಲ್ಲ. ಜಾಗ ನೋಡ್ಕಳಿ."

"ಅರೆ, ನೀನ್ ಹೋಗಮ್ಮಾ" ಎಂದರು ಬಾಷಾ ಸಾಬರು. "ನಿನ್ ಜಗಾ ಎಲ್ಲಿಗ್ ಹೋಗ್ತೈತೆ? ನಾನಿಲ್ವಾ?"

ಅವಳು ಗೋಣಿಚೀಲ ಹಾಸಿ, ಕಲ್ಲನ್ನು ಸೆರಗಿನಲ್ಲಿ ಒರೆಸಿ ಇಟ್ಟು, ಪಾವಗಡದ ಬಸ್ಸಿಗೆ ಹೋದಳು. ಸಮೀಕ್ಷೆಯ ವಿಷಯವನ್ನು ಅವಳಿಗೆ ನೆನಪಿಸಬೇಕೆಂದು ನನಗೆ ಹೊಳೆಯಿತು. ತಂಗಿ ಸತ್ತ ಹೆಂಗಸಿನ ಹತ್ತಿರ ಅರ್ಜಿ, ಫೋಟೋ ಎಂದು ಹೇಗೆ ಮಾತಾಡುವುದು ಎಂದು ಸುಮ್ಮನಾದೆ.

ಎರಡು ದಿನ ಬಿಟ್ಟು ಶಶಿಕಲಾ ಬಂದಳು. ಅವಳ ಕೈಯಲ್ಲಿ ಕ್ಯಾಮೆರಾ, ನನ್ನ ಕೈಯಲ್ಲಿ ಪಟ್ಟಿ. ನಿಯಮ ಸ್ಪಷ್ಟವಾಗಿತ್ತು: ವ್ಯಾಪಾರಿ ತನ್ನ ಜಾಗದಲ್ಲಿ, ತನ್ನ ಸಾಮಾನಿನ ಜೊತೆ, ಕಣ್ಣೆದುರಿಗೆ ಇರಬೇಕು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಆಯಿತು. ಎರಡನೆಯ ಜಾಗಕ್ಕೆ ಬಂದೆವು. ಬಾಷಾ ಸಾಬರು ಗೋಣಿಚೀಲದ ತುಂಬ ಬಾಳೆಗೊನೆ ಹರಡಿದ್ದರು. ಕಲ್ಲು ಗೊನೆಯ ಕೆಳಗೆ ಎಲ್ಲೋ ಇತ್ತು.

"ಇದು ಯಾರ ಜಾಗ?"

"ನಮ್ದೇ ಮೇಡಂ" ಎಂದರು ಬಾಷಾ ಸಾಬರು. "ಅಲ್ಲೀವರ್ಗೂ ಎಲ್ಲಾ ನಮ್ದೇ."

ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ಎಷ್ಟು ನಿಶ್ಚಿಂತೆ ಇತ್ತೆಂದರೆ, ಕದಿರಮ್ಮನ ಜಾಗವನ್ನು ಉಳಿಸಿದೆನೆಂದೇ ಅವರು ತಿಳಿದಿದ್ದರು. ನನ್ನ ಪೆನ್ನು ಕಾಗದದ ಮೇಲೆ ನಿಂತಿತ್ತು. ಇದು ಕದಿರಮ್ಮನದು, ಊರಿಗೆ ಹೋಗಿದ್ದಾಳೆ ಎಂದು ಹೇಳಬಹುದಿತ್ತು. ಹೇಳಿದರೆ ಖಾಲಿ ಎಂದು ಬರೆಯಬೇಕಾಗುತ್ತದೆ, ಖಾಲಿ ಎಂದರೆ ಯಾರ ಪಾಲಾದರೂ ಆಗಬಹುದು, ಅದಕ್ಕಿಂತ ಬಾಷಾ ಸಾಬರ ಹೆಸರಲ್ಲಿ ಇದ್ದರೆ ಅವಳು ಬಂದ ಮೇಲೆ ತಿದ್ದಿಸಿದರಾಯಿತು ಎಂದು ಲೆಕ್ಕ ಹಾಕಿದೆ. ಬಹಳ ಬುದ್ಧಿವಂತನ ಹಾಗೆ 'ಬಾಷಾ, ಬಾಳೆಹಣ್ಣು, ಎಂಟು ಅಡಿ' ಎಂದು ಬರೆದೆ. ಪಟ್ಟಿಯ ಕೊನೆಯಲ್ಲಿ, ನಾನು ಖುದ್ದು ನೋಡಿದ್ದು ನಿಜ ಎಂದು ಸಹಿಯನ್ನೂ ಹಾಕಿದೆ.

ಕರ್ಮ ಮುಗಿಸಿಕೊಂಡು ಕದಿರಮ್ಮ ಬಂದಳು. ಕಲ್ಲು ಎತ್ತಿ ಪಕ್ಕಕ್ಕಿಟ್ಟು, ಕಡಲೆಕಾಯಿ ಬುಟ್ಟಿ ಇಳಿಸಿ, ಏನೂ ಆಗದವಳ ಹಾಗೆ ಕೂತಳು. ಕರಡು ಪಟ್ಟಿ ಆಫೀಸಿನ ಗೋಡೆಯ ಮೇಲೆ ಅಂಟಿತ್ತು. ಬಿಟ್ಟುಹೋದವರು ಅರ್ಜಿ ಕೊಡಲು ಕೆಲವು ದಿನ ಅವಕಾಶ ಇತ್ತು. ನಾನು ಅವಳನ್ನು ಗೂಡಿನ ಹತ್ತಿರ ಕರೆದು ಅರ್ಜಿ ತುಂಬಿದೆ. ಹೆಸರು, ವಯಸ್ಸು, ಎಷ್ಟು ವರ್ಷದಿಂದ ವ್ಯಾಪಾರ. ನಂಬರ್ ಪ್ಲೇಟಿನ ಕೆಲಸಕ್ಕೆ ಇಟ್ಟಿದ್ದ ನೀಲಿ ಬಣ್ಣದಲ್ಲೇ ಹೆಬ್ಬೆಟ್ಟು ಒತ್ತಿಸಿದೆ. ಬೆರಳು ಒರೆಸಿಕೊಳ್ಳುತ್ತಾ ಅವಳು, "ಇಷ್ಟಾದ್ರೆ ಆಯ್ತಾ ಸಾಮಿ?" ಎಂದಳು.

"ಆಯ್ತು. ಇನ್ನು ನೀನು ಓಡಾಡಬೇಡ. ನಾನು ಕೊಟ್ಟು ಬರ್ತೀನಿ."

ಅರ್ಜಿಯಲ್ಲಿ ಒಂದು ಕಾಲಮ್ಮು ಉಳಿದಿತ್ತು: ವ್ಯಾಪಾರ ಮಾಡುವ ಸ್ಥಳ. ಅಲ್ಲಿ ನಿಜ ಬರೆದರೆ, ಅದೇ ಸ್ಥಳವನ್ನು ಬಾಷಾ ಸಾಬರ ಹೆಸರಿಗೆ ಬರೆದು ಸಹಿ ಹಾಕಿದವನು ಯಾರು ಎಂಬ ಪ್ರಶ್ನೆ ಏಳುತ್ತದೆ. ಬಾಷಾ ಸಾಬರಿಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಾನು ಸುಳ್ಳು ಹೇಳ್ದೆ ಅಂತ ಬರ್ಕೊಡ್ತೀನಿ ಭಾಯಿ. ಏನ್ ಗಲ್ಲಿಗೆ ಹಾಕ್ತಾರಾ?" ಎಂದರು. ಹೆದರಿದವನು ನಾನು. ಸಮಿತಿಯ ಚುನಾವಣೆ ಮುಂದಿನ ವಾರವೇ ಇತ್ತು, ನಾನು ನಿಂತಿದ್ದೆ. ಸುಳ್ಳು ಪಟ್ಟಿ ಬರೆದವನೆಂದು ಯಾರಾದರೂ ಎದ್ದು ಹೇಳಿದರೆ? ಚುನಾವಣೆ ಮುಗಿಯಲಿ ಎಂದು ಅರ್ಜಿಯನ್ನು ಬ್ರಷ್ಷುಗಳ ಡ್ರಾಯರಿನಲ್ಲಿ ಇಟ್ಟೆ. ಚುನಾವಣೆ ಮುಗಿಯಿತು, ಗೆದ್ದೆ, ಕದಿರಮ್ಮ ಬೊಗಸೆ ತುಂಬ ಕಡಲೆಕಾಯಿ ಕೊಟ್ಟಳು. ಗೆದ್ದ ಮೇಲೆ ಅರ್ಜಿ ಕೊಡುವುದು ಇನ್ನೂ ಕಷ್ಟವಾಯಿತು. ಇವತ್ತು, ನಾಳೆ ಅನ್ನುತ್ತಾ ಇದ್ದೆ, ಅವಧಿ ಮುಗಿದುಹೋಯಿತು. ಮರೆತೆ ಎಂದು ನಾನು ಬಾಷಾ ಸಾಬರಿಗೆ ಹೇಳಿದೆ. ಮರೆತಿರಲಿಲ್ಲ. ದಿನಾ ಬೆಳಿಗ್ಗೆ ಬ್ರಷ್ಷು ತೆಗೆಯುವಾಗ ಆ ನೀಲಿ ಹೆಬ್ಬೆಟ್ಟು ಕಾಣುತ್ತಲೇ ಇತ್ತು.

ಕದಿರಮ್ಮ ಎರಡು ಸಲ ಕೇಳಿದಳು. "ಆಫೀಸ್ನೋರು ಏನಂದ್ರು ಸಾಮಿ?"

"ನೋಡ್ತಾರಂತೆ" ಎಂದೆ.

ಆಸ್ಪತ್ರೆ ರಸ್ತೆಯಲ್ಲಿ ಆಂಬ್ಯುಲೆನ್ಸು ಓಡಾಡಲು ಜಾಗವಿಲ್ಲ, ಎಲ್ಲ ವ್ಯಾಪಾರಿಗಳಿಗೂ ಬೇರೊಂದು ರಸ್ತೆಯ ಬದಿಯಲ್ಲಿ ಚೌಕ ಹಾಕಿಕೊಡುವುದು ಎಂದು ತೀರ್ಮಾನವಾಯಿತು. ಅದು ತಪ್ಪಲ್ಲ, ನಾನೇ ಕೈ ಎತ್ತಿದ್ದೆ. ಆದರೆ ಹೊಸ ಜಾಗದಲ್ಲಿ ಒಂದು ಹೆಸರಿಗೆ ಒಂದೇ ಚೌಕ. ಎಂಟು ಅಡಿ ಎಂದು ನಾನು ಬರೆದ ಜಾಣತನಕ್ಕೆ ಬೆಲೆಯೇ ಇರಲಿಲ್ಲ.

ಚೌಕ ಬರೆಯುವ ಕೆಲಸ ನನಗೇ ಬಂತು. ಹಿಂಗಾರು ಮಳೆ ಬಿಡಲಿಲ್ಲ. ಎರಡು ಸಲ ಸುಣ್ಣದ ಗೆರೆ ಹಾಕಿದೆ, ಎರಡು ಸಲವೂ ರಾತ್ರಿ ಮಳೆ ಬಂದು ತೊಳೆದುಕೊಂಡು ಹೋಯಿತು. ಕಾರ್ತಿಕದಲ್ಲಿ ಬಿಸಿಲು ಬಿದ್ದ ಮೇಲೆ ಹಳದಿ ಪೇಂಟಿನಲ್ಲಿ ಚೌಕ, ಅದರೊಳಗೆ ನಂಬರು, ಹಿಂದಿನ ಗೋಡೆಯ ಮೇಲೆ ಹೆಸರು. ಗೆರೆ ಎಳೆದ ಹಾಗೆ ಬಂದಿತ್ತು ಅಕ್ಷರ. ಕೆಲಸ ಮುಗಿದ ಮಧ್ಯಾಹ್ನ ಕದಿರಮ್ಮ ಬಂದಳು. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಗೋಣಿಚೀಲ, ಕೈಯಲ್ಲಿ ಆ ಕಲ್ಲು. ಅಷ್ಟು ದೂರ ಆ ಮಂಡಿಯಲ್ಲಿ ಹೊತ್ತುಕೊಂಡು ನಡೆದು ಬಂದಿದ್ದಳು.

"ನಂದು ಯಾವ್ದು ಸಾಮಿ?"

ಅಲ್ಲೇ, ಆಗಲೇ ಹೇಳಬೇಕಿತ್ತು. ನಾನು ಬ್ರಷ್ಷು ಒರೆಸತೊಡಗಿದೆ. ಅವಳು ಮೊದಲನೆಯ ಚೌಕದ ಮುಂದೆ ನಿಂತು, "ಇದು?" ಎಂದಳು.

"ಅದು ನಂದು."

"ಇದು?"

"ಬಾಷಾ ಸಾಬರದ್ದು."

"ಇದು?"

"ಹೂವಿನ ಜಯಮ್ಮನದು."

ಒಂದೊಂದು ಚೌಕದ ಮುಂದೆಯೂ ನಿಂತು ಕೇಳಿದಳು. ಒಂದೊಂದಾಗಿ ಓದಿದೆ. ಮಕ್ಕಳಿಗೆ ಪಾಠ ಹೇಳುವವನ ಹಾಗೆ ಓದುತ್ತಾ ಅವಳ ಹಿಂದೆ ನಡೆದೆ. ಪೇಂಟು ಇನ್ನೂ ಹಸಿಯಾಗಿತ್ತು. ಗೆರೆ ತುಳಿಯಬಾರದೆಂದು ಅವಳು ಸೀರೆ ಎತ್ತಿ ಹಿಡಿದು ಹುಷಾರಾಗಿ ಕಾಲಿಡುತ್ತಿದ್ದಳು. ಕೊನೆಯ ಚೌಕ ಆಯಿತು, ಆಚೆ ಚರಂಡಿ. ಅವಳು ತಿರುಗಿ ಇಡೀ ಸಾಲನ್ನು ಮತ್ತೊಮ್ಮೆ ನೋಡಿದಳು.

"ನಂದು ಬರ್ಯಾಕೆ ಮರ್ತಿದೀಯ" ಎಂದಳು. "ಬರಿ, ಪರ್ವಾಲೇದು. ಒಣಗಾಗಂಟ ನಿಂತಿರ್ತೀನಿ."

ಡಬ್ಬಿಯಲ್ಲಿ ಪೇಂಟು ಉಳಿದಿತ್ತು, ಜಾಗ ಇರಲಿಲ್ಲ. ನಾನು ಪಟ್ಟಿ, ನಿಯಮ, ಮುಂದಿನ ಸಮೀಕ್ಷೆ ಎಂದು ಏನೇನೋ ಹೇಳಿದೆ. ನನ್ನ ಡ್ರಾಯರಿನ ವಿಷಯ ಹೇಳಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, "ಅರ್ಜಿ ಕೊಟ್ಟಿದ್ವಲ್ಲ" ಎಂದಳು, ಅಷ್ಟೇ.

ಬಾಷಾ ಸಾಬರು ತಮ್ಮ ಚೌಕದಲ್ಲಿ ಗಾಡಿಯನ್ನು ಒಂದು ಮೂಲೆಗೆ ಒತ್ತಿ ಅವಳ ಬುಟ್ಟಿಗೆ ಅರ್ಧ ಜಾಗ ಮಾಡಿಕೊಟ್ಟರು. ಎರಡು ತಿಂಗಳು ಹಾಗೇ ನಡೆಯಿತು. ಅದನ್ನು ನೋಡಿ ಇನ್ನೂ ಮೂರು ಜನ ತಮ್ಮ ತಮ್ಮ ಚೌಕದಲ್ಲಿ ಸಂಬಂಧಿಕರನ್ನು ತಂದು ಕೂರಿಸಿಕೊಂಡರು, ದಾರಿ ಕಟ್ಟಿತು, ಜಗಳವಾಯಿತು. ದೂರು ಕೊಟ್ಟವರು ನಮ್ಮ ವ್ಯಾಪಾರಿಗಳೇ. ಸಂಕ್ರಾಂತಿ ಕಳೆದು ಸಮಿತಿಯ ಸಭೆ ಸೇರಿತು. ನಾನು ಕುರ್ಚಿಯಲ್ಲಿ ಕೂತಿದ್ದೆ. ಬಾಷಾ ಸಾಬರೂ ಕದಿರಮ್ಮನೂ ಬಾಗಿಲ ಹತ್ತಿರ ನಿಂತಿದ್ದರು. ಒಂದು ಚೌಕದಲ್ಲಿ ಒಬ್ಬರೇ, ಬೇರೆಯವರಿಗೆ ಬಿಟ್ಟುಕೊಟ್ಟರೆ ಪ್ರಮಾಣಪತ್ರವೇ ರದ್ದು ಎಂಬ ನಿಯಮವನ್ನು ಓದಿದರು. ಅಧ್ಯಕ್ಷರ ಸ್ಥಾನದಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ಯಾರದಾದರೂ ವಿಶೇಷ ಪ್ರಕರಣ ಇದ್ದರೆ ಹೇಳಿ ಎಂದು ಎರಡು ಸಲ ಕೇಳಿದರು. ಎರಡನೆಯ ಸಲ ಕೇಳುವಾಗ ನನ್ನ ಕಡೆಯೇ ನೋಡಿದರು. ನಾನು ಮುಂದಿದ್ದ ನೀರಿನ ಲೋಟ ಎತ್ತಿ ಕುಡಿದೆ. ನಿರ್ಣಯವಾಯಿತು. ಅಕ್ಷರ ಚೆನ್ನಾಗಿದೆಯೆಂದು ನಡವಳಿ ಪುಸ್ತಕವನ್ನು ನನ್ನ ಕೈಗೇ ಕೊಟ್ಟು ಬರೆಸಿದರು.

ಹೊರಗೆ ಬಂದಾಗ ಬಾಷಾ ಸಾಬರು ಮೆಟ್ಟಿಲ ಮೇಲೆ ಕೂತಿದ್ದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ನಾನು ಝೂಟ್ ಹೇಳಿದ್ದು ಅವ್ಳಿಗೋಸ್ಕರ ಭಾಯಿ" ಎಂದರು. "ನೀವು ಸುಮ್ನಿದ್ದಿದ್ದು ಯಾರ್ಗೋಸ್ಕರ?"

ಆಮೇಲೆ ಅವರು ನನ್ನನ್ನು ಚಹಾಕ್ಕೆ ಕರೆಯಲಿಲ್ಲ. ಎರಡು ಚೌಕದ ನಡುವೆ ಮೂರು ಬೆರಳಗಲದ ಹಳದಿ ಗೆರೆ, ನಾನೇ ಎಳೆದದ್ದು. ಅದರಾಚೆ ಕೂತು ನನ್ನ ಜೊತೆ ಮಾತೇ ಇಲ್ಲದೆ ಹಣ್ಣು ಮಾರಿದರು. ಕದಿರಮ್ಮ ಒಂದು ವಾರ ಬುಟ್ಟಿ ಹೊತ್ತು ಬೀದಿ ಸುತ್ತಲು ನೋಡಿದಳು. ಒಂದು ದಿನ ಹಳೆ ಬಸ್ ನಿಲ್ದಾಣದ ಹತ್ತಿರ ಕಡಲೆಕಾಯಿ ಚೆಲ್ಲಿಕೊಂಡು ಬಿದ್ದಿದ್ದಳಂತೆ. ಮಾರನೆಯ ದಿನ ಕೋಣೆ ಖಾಲಿ ಮಾಡಿ ತಂಗಿಯ ಊರಿಗೆ ಹೊರಟುಹೋದಳು. ಕಲ್ಲನ್ನು ಬಾಷಾ ಸಾಬರ ಗಾಡಿಯ ಕೆಳಗೆ ಇಟ್ಟು ಹೋಗಿದ್ದಳು. ನನ್ನ ಹತ್ತಿರ ಹೇಳಿ ಹೋಗಲಿಲ್ಲ. ಹೇಳಲು ಬಂದಿದ್ದರೆ ಮುಖ ಹೇಗೆ ಎತ್ತುತ್ತಿದ್ದೆನೋ, ಬಾರದ್ದಕ್ಕೆ ಅವತ್ತು ಒಳಗೊಳಗೇ ಸಮಾಧಾನಪಟ್ಟೆ. ಆ ಸಮಾಧಾನ ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೋದ ತಿಂಗಳು ಪೇಂಟಿನ ಡಬ್ಬಿ ಹಿಡಿದು ಕೂತಾಗ ನೆನಪಾದದ್ದು ಆ ವರ್ಷ. ಬಾಷಾ ಸಾಬರು ಈಗಿಲ್ಲ, ಸಕ್ಕರೆ ಕಾಯಿಲೆ ತೆಗೆದುಕೊಂಡು ಹೋಯಿತು. ಪ್ರಮಾಣಪತ್ರದ ಅವಧಿ ಮುಗಿಯುವವರೆಗೆ ಹೆಂಡತಿ ಕೂರಬಹುದು ಎಂಬ ನಿಯಮದಂತೆ ಅವರ ಚೌಕದಲ್ಲಿ ಮುನ್ನಿಬೀ ಹಣ್ಣು ಮಾರುತ್ತಾಳೆ. ಆಕೆಯ ಗಾಡಿಯ ಕೆಳಗೆ ಬಿಳಿ ಗೆರೆಯ ಕರಿ ಕಲ್ಲು ಇನ್ನೂ ಇತ್ತು. ನಂಬರು ತಿದ್ದಿಸುತ್ತಿದ್ದುದೇಕೆಂದರೆ, ಮತ್ತೆ ಸಮೀಕ್ಷೆ ಬಂದಿತ್ತು. ಪ್ರಮಾಣಪತ್ರದ ಅವಧಿ ಮುಗಿದು ಎಲ್ಲರ ಹೆಸರೂ ಹೊಸದಾಗಿ ಬರೆದುಕೊಳ್ಳುತ್ತಿದ್ದರು. ನಾನು ಡಬ್ಬಿ ಮುಚ್ಚಿ, ಮಾರನೆಯ ಬೆಳಿಗ್ಗೆ ಪಾವಗಡದ ಬಸ್ಸು ಹತ್ತಿದೆ.

ಕದಿರಮ್ಮ ತಂಗಿಯ ಮನೆಯ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತೆಳ್ಳಗಾಗಿದ್ದಳು. "ಏಮಿ ಸಾಮಿ, ದಾರಿ ತಪ್ಪಿತಾ?" ಎಂದಳು. ವಿಷಯ ಹೇಳಿದೆ. ಸಾಲಿನ ಕೊನೆಯಲ್ಲಿ, ಚರಂಡಿಯ ಹತ್ತಿರ ಈಗ ಚಪ್ಪಡಿ ಹಾಕಿದ್ದಾರೆ, ಒಂದು ಬುಟ್ಟಿ ಇಡುವಷ್ಟು ಜಾಗ ಇದೆ, ಆ ದಿನ ನೀನು ಅಲ್ಲಿ ಕೂತಿದ್ದರೆ ಸಾಕು ಎಂದೆ. ಅವಳು ಇನ್ನೊಂದು ಹಣ್ಣಿನ ಬೀಜ ಬಿಡಿಸಿ ಪಕ್ಕಕ್ಕೆ ಹಾಕಿ, "ಇಲ್ಲಿ ಊಟಕ್ಕೇನು ಕಮ್ಮಿ ಇಲ್ಲ" ಎಂದಳು. "ಆದ್ರೆ ಇನ್ನೊಬ್ರು ಇಕ್ಕಿದ್ದು." ಬರುತ್ತೇನೆಂದಳು.

ಬಂದಳು. ಸಮೀಕ್ಷೆಯ ದಿನ ಚಪ್ಪಡಿಯ ಮೇಲೆ ಬುಟ್ಟಿ ಇಳಿಸಿ, ಕಡಲೆಕಾಯಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಕೂತಳು. ಈಗ ಪಟ್ಟಿ ಬರೆಯುವುದಿಲ್ಲ. ಹೊಸ ಹುಡುಗಿಯೊಬ್ಬಳು ಮೊಬೈಲಿನಲ್ಲೇ ಫೋಟೋ ತೆಗೆದು ತುಂಬಿಸುತ್ತಾ ಚರಂಡಿಯ ಕಡೆಯಿಂದ ಬರುತ್ತಾಳೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಮುನ್ನಿಬೀ ಬಂದು, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ಕೊಡಬೇಕು, ಬೆಳಿಗ್ಗೆಯೇ ಬರಹೇಳಿದ್ದಾರೆ, ಹೋದ ಹಾಗೆ ಬರುತ್ತೇನೆ ಎಂದು ಕದಿರಮ್ಮನ ಕೈ ಹಿಡಿದಳು. ಗಾಡಿ ಬದಿಗೆ ತಳ್ಳಿ, ಗೋಣಿಚೀಲ ಹಾಸಿ, ಕಲ್ಲು ಇಟ್ಟು ಹೋದಳು. ಕದಿರಮ್ಮ ತನ್ನ ಬುಟ್ಟಿ ಬಿಟ್ಟು, ಸಾಲಿನ ಈ ತುದಿಗೆ ಬಂದು ಆ ಕಲ್ಲಿನ ಪಕ್ಕ ಕೂತಳು.

ಹುಡುಗಿ ಬಂದೇಬಿಟ್ಟಳು. ಚರಂಡಿಯ ಹತ್ತಿರ ನಿಂತು, ಈ ಬುಟ್ಟಿ ಯಾರದು ಎಂದು ಕೇಳುತ್ತಿದ್ದಳು. ನಾನು ಕದಿರಮ್ಮನ ಹತ್ತಿರ ಓಡಿದೆ.

"ಏಳು, ಬಾ. ನಿನ್ನ ಸರದಿ."

"ನಾನೆದ್ರೆ ಇದು ಖಾಲಿ ಅಂತ ಬರ್ಕಂತಾರೆ."

"ನಾನು ಕೂರ್ತೀನಿ ಇಲ್ಲಿ. ಮುನ್ನಿಬೀದು ಅಂತ ಹೇಳ್ತೀನಿ. ನೀನು ಹೋಗು."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬೈಯುವ ದನಿಯಲ್ಲ, ಇದ್ದದ್ದನ್ನು ಹೇಳುವ ದನಿಯಲ್ಲಿ ಹೇಳಿದಳು.

"ನೀನು ಬ್ಯಾಡ ಸಾಮಿ. ಬರಿಯೋರ್ ಮುಂದೆ ನಿಂಗೆ ಬಾಯಿ ಬರಲ್ಲ."

ನಾನು ನಿಂತಲ್ಲೇ ನಿಂತೆ. ಹುಡುಗಿ ಬುಟ್ಟಿಯ ಮುಂದೆ ಸ್ವಲ್ಪ ಹೊತ್ತು ಕಾದು, ಯಾರೂ ಬಾರದ್ದರಿಂದ ಮುಂದಿನ ಚೌಕಕ್ಕೆ ನಡೆದಳು. ಒಂದೊಂದಾಗಿ ಮುಗಿಸುತ್ತಾ ಇಲ್ಲಿಗೆ ಬಂದಳು.

"ಈ ಜಾಗ ನಿಮ್ಮದಾ ಅಮ್ಮ? ಹೆಸರು ಹೇಳಿ."

ಹೌದು ಅನ್ನು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಮುನ್ನಿಬೀಯ ಗತಿ ಏನೆಂದು ನಾನು ಯೋಚಿಸಲಿಲ್ಲ, ನಿಜ ಹೇಳುತ್ತೇನೆ. ಒಂದು ಮಾತು, ಅವಳಿಗೆ ಚೌಕ ಸಿಕ್ಕಿಬಿಡುತ್ತಿತ್ತು.

"ನಂದಲ್ಲ ಕಣಮ್ಮ" ಎಂದಳು ಕದಿರಮ್ಮ. "ಮುನ್ನಿಬೀದು. ಆಸ್ಪತ್ರೆಗೆ ಹೋಗವ್ಳೆ. ಕಲ್ಲು ಇಕ್ಕಿರಾದು ಕಾಣಾಕಿಲ್ವಾ? ಬತ್ತಾಳೆ, ಕುಂತ್ಕ."

ಹುಡುಗಿ ನಕ್ಕು ನನ್ನ ಚೌಕ ಮುಗಿಸಿ, ನೆರಳಲ್ಲಿ ನಿಂತು ಕಾದಳು. ಮುನ್ನಿಬೀ ತೋಳಿಗೆ ಹತ್ತಿ ಒತ್ತಿಕೊಂಡು ಓಡಿ ಬಂದಳು, ಫೋಟೋ ಆಯಿತು. ಆಗ ಕದಿರಮ್ಮ ಮಂಡಿ ಹಿಡಿದು ಎದ್ದಳು. ಆ ಬುಟ್ಟಿ ಇವಳದೆಂದು ಹುಡುಗಿಗೆ ಅರ್ಥವಾಯಿತು, ಪಾಪ. ಆದರೆ ಮುನ್ನಿಬೀಯ ಫೋಟೋದ ಜೊತೆಗೇ ಇಡೀ ಸಾಲಿನ ಪಟ್ಟಿ ಮೊಬೈಲಿನಿಂದ ಆಫೀಸಿಗೆ ಹೊರಟುಹೋಗಿತ್ತು. "ಬಿಟ್ಟು ಹೋದವರಿಗೆ ಅರ್ಜಿ ಹಾಕೋಕೆ ಟೈಮ್ ಇದೆ ಅಮ್ಮ. ಒಂದು ಅರ್ಜಿ ಕೊಡಿ, ಖಂಡಿತಾ ನೋಡ್ತಾರೆ" ಎಂದಳು.

"ಹೋದ್ಸಲಾನೂ ಕೊಟ್ಟಿದ್ದೆ ಕಣಮ್ಮ" ಎಂದಳು ಕದಿರಮ್ಮ. "ನೋಡ್ಲಿಲ್ಲ. ಬುಡು."

ಅವಳ ಬುಟ್ಟಿ ಹೊತ್ತು ಬಸ್ಸಿನವರೆಗೆ ಹೋದೆ. ಅವಳು ಮುಂದೆ ಕುಂಟುತ್ತಾ ನಡೆಯುತ್ತಿದ್ದಳು. ಅವತ್ತು ಬೆಳಿಗ್ಗೆ ಆ ಹಳೆಯ ಅರ್ಜಿಯನ್ನು ಏಕೆ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದೆನೋ ನನಗೇ ಗೊತ್ತಿಲ್ಲ. ಅವಳು ಕಿಟಕಿಯ ಪಕ್ಕ ಕೂತ ಮೇಲೆ ಅದನ್ನು ತೆಗೆದು ಅವಳ ಕೈಗೆ ಕೊಟ್ಟೆ.

"ಇದನ್ನ ನಾನು ಕೊಡಲೇ ಇಲ್ಲ ಕದಿರಮ್ಮ. ಆಫೀಸಿನವರ ತಪ್ಪಲ್ಲ. ನಾನು ಕೊಡಲಿಲ್ಲ."

ಅವಳಿಗೆ ಓದು ಬಾರದು. ಕಾಗದವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಕ್ಕೆ ನೋಡಿದಳು. ಕೊನೆಯಲ್ಲಿ ಮಾಸಿದ ನೀಲಿ ಗುರುತು ಕಂಡಿತು. ತನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟು, ಸರಿಹೊಂದುತ್ತದೆಯೇ ಎಂದು ನೋಡುವವಳ ಹಾಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದಳು.

"ನಿನ್ತಾವೇ ಇತ್ತಾ ಇದು" ಎಂದಳು.

ಡ್ರೈವರು ಬಸ್ಸು ಶುರು ಮಾಡಿದ. ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಚೀಲಕ್ಕೆ ಸೇರಿಸಿಕೊಂಡಳು. ನಾನು ಮತ್ತೆ ಬರೆದುಕೊಡುತ್ತೇನೆ, ಇನ್ನೂ ದಿನ ಇದೆ, ಅಧಿಕಾರಿಯ ಮುಂದೆ ನಿಂತು ನಾನೇ ಹೇಳುತ್ತೇನೆ ಎಂದು ಕಿಟಕಿಯ ಜೊತೆ ನಡೆಯುತ್ತಾ ಹೇಳಿದೆ. ಅವಳು ಬುಟ್ಟಿಯ ಬಟ್ಟೆ ಸರಿಸಿ, ಒಂದು ಹಿಡಿ ಕಡಲೆಕಾಯಿ ತೆಗೆದು, ಯಾವಾಗಲೂ ಕೊಡುವ ಹಾಗೆ ನನ್ನ ಕೈಗೆ ಹಾಕಿದಳು. ಬಸ್ಸು ಹೋಯಿತು.

ಮಾರನೆಯ ದಿನ ಹೊಸ ಅರ್ಜಿ ಬರೆದು ಆಫೀಸಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಬಾಯಿ ಬಂತು. ಅಧಿಕಾರಿ ಪೂರ್ತಿ ಕೇಳಿ, ಅರ್ಜಿಯನ್ನು ತಿರುಗಿಸಿ ನೋಡಿ, ವಾಪಸ್ಸು ನನ್ನ ಕಡೆ ಸರಿಸಿದರು. ಕೆಳಗಡೆ ಅರ್ಜಿದಾರರ ಹೆಬ್ಬೆಟ್ಟು ಇರಲಿಲ್ಲ. ಅದನ್ನು ಹಿಡಿದು ಎರಡು ಸಲ ನಾಗಲಮಡಿಕೆ ಕಡೆ ಹೋಗಿ ಬಂದೆ. ಎರಡು ಸಲವೂ ಜಗಲಿಯಲ್ಲಿ ಅರ್ಧ ಬೀಜ ಬಿಡಿಸಿಟ್ಟ ಹುಣಸೆಹಣ್ಣು ಹರಡಿತ್ತು. ಪಕ್ಕದ ಮನೆಯವರು, ಇಲ್ಲ ಸಾಮಿ, ಅವ್ಳು ಊರಲ್ಲಿಲ್ಲ ಎಂದರು.